ಇನ್ನೂರು ವ್ಯಾಟು ಎಲ್ಲಿ ಹೋಯಿತು?

ಮುಬಶಿರಾ ಟೀಚರನ್ನು ನಾನು ಮೊದಲು ಕಂಡದ್ದು ಮಿಶ್ರಿಕೋಟಿಯ ಹೈಸ್ಕೂಲಿನಲ್ಲಿ, ಆಕೆ ವಿಜ್ಞಾನದ ಶಿಕ್ಷಕಿಯಾಗಿ ಹಾಜರಾದ ದಿನ. ನಾನು ಅಲ್ಲಿ ಕನ್ನಡದ ಮಾಸ್ತರ. ಹೊಸಬರನ್ನು ಪರೀಕ್ಷಿಸುವುದು ಹಿರಿಯರ ಹಕ್ಕೆಂದು ತಿಳಿದು, "ಈ ಫ್ಯಾನು ಯಾಕ ಇಷ್ಟು ಮೆಲ್ಲಕ ತಿರಗತೈತಿ, ಹೇಳ್ರಿ ನೋಡೂಣು" ಎಂದೆ.

"ಅಳತಿ ಮಾಡ್ಲಾರದ ಹೆಂಗ ಹೇಳ್ಲಿರಿ ಸರ್?" ಎಂದಳು.

(ಉತ್ತರ ಬಾರದವರ ಜಾಣತನವಿದು ಎಂದು ಮನದಲ್ಲೇ ಎರಡು ಅಂಕ ಕಳೆದೆ.)

ಮುಂದೆ ನಾನು ನಿವೃತ್ತನಾದೆ. ನನಗೆ ಕೆಲಸ ತಪ್ಪಿತು. ನನ್ನ ಧರ್ಮಪತ್ನಿ ಶಾರದವ್ವನಿಗೆ ಕೆಲಸ ಹತ್ತಿತು. ಜೋಳದ ರೊಟ್ಟಿ ಮಾಡಿ ಕೊಡತೊಡಗಿದಳು. ಹೋದ ಚಳಿಗಾಲ ದೇವಿಕೊಪ್ಪದ ದೇವಕ್ಕನ ಮನೆಯ ಮದುವೆ ನಿಶ್ಚಯಕ್ಕೆ ಅವಳ ಮೊದಲ ದೊಡ್ಡ ಆರ್ಡರು ಬಂತು. ಒಮ್ಮೆಗೆ ಎರಡು ರೊಟ್ಟಿ ಬೇಯುವ ಕರೆಂಟಿನ ಹಂಚೂ ಬಂತು. ಅಡುಗೆಮನೆಯಲ್ಲಿ ಅದಕ್ಕೆ ತಕ್ಕ ಪ್ಲಗ್ಗಿಲ್ಲ, ಇರುವುದು ಪಡಸಾಲೆಯಲ್ಲಿ. ಭಗೀರಥನು ಗಂಗೆಯನ್ನು ತಂದಂತೆ ನಾನು ಕರೆಂಟನ್ನು ತಂದೆ. ಅಟ್ಟದ ಮೇಲೆ ದೀಪಾವಳಿಯ ಸರದೀಪದ ಉದ್ದನೆಯ ವಾಯರು ವ್ಯರ್ಥವಾಗಿ ಬಿದ್ದಿತ್ತಲ್ಲ!

ಮೊದಲ ದಿನವೇ ಹಂಚು ಮುನಿಸಿಕೊಂಡಿತು.

"ಏನ್ರಿ, ಹಂಚು ಕಾಯವಲ್ದು. ರೊಟ್ಟಿ ಹಸೀ ಉಳಿಯಾಕತ್ತಾವು."

ನಾನು ಕುರ್ಚಿಯಲ್ಲೇ ಕುಳಿತು ಲೆಕ್ಕ ಮಾಡಿದೆ. ಟಿವಿಯ ಸ್ಟೆಬಿಲೈಜರು ತೋರಿಸುವ ವೋಲ್ಟೇಜು ಇನ್ನೂರಿಪ್ಪತ್ತೈದು. ಹಂಚಿನ ಮೇಲೆ ಬರೆದ ಕರೆಂಟು ಒಂಬತ್ತು ಆಂಪಿಯರ್. ಗುಣಿಸಿದರೆ ಎರಡು ಸಾವಿರದ ಇಪ್ಪತ್ತೈದು ವ್ಯಾಟು!

"ಶಾರದಾ, ಹಂಚಿಗೆ ಎರಡು ಸಾವಿರ ವ್ಯಾಟಿನ ಶಕ್ತಿ ಐತಿ. ನಿನ್ನ ಕೈ ಮೆಲ್ಲಕ ನಡದಾವ."

"ನನ್ನ ಕೈ? ಲಗ್ನ ಆದಾಗಿಂದ ಇದ ಕೈಲೆ ಬಡದ ರೊಟ್ಟಿ ತಿಂದು ಹೊಟ್ಟಿ ಬೆಳಿಸೀರಿ!" ಹಿಟ್ಟಿನ ಕೈಯಲ್ಲೇ ಫೋನು ಹುಡುಕತೊಡಗಿದಳು. "ದೇವಕ್ಕಗ ಆಗೂದಿಲ್ಲ ಅಂತ ಈಗ ಹೇಳಿಬಿಡ್ತೀನಿ. ಇನ್ನ ಯಾರ ಆರ್ಡರೂ ಬ್ಯಾಡ, ಯಾರ ಸುದ್ದೀನೂ ಬ್ಯಾಡ."

ಅವಳ ದನಿ ಒಡೆದಿತ್ತು. ಆಗ ನನಗೆ ಅಳುಕಾಯಿತು. ದೇವಕ್ಕನಿಗೆ ಫೋನು ಹೋಗುವ ಮೊದಲೇ ನಾನು ಮುಬಶಿರಾಳಿಗೆ ಮಾಡಿದೆ. ರವಿವಾರವಾದರೂ ಆಕೆ ಸ್ಕೂಟಿಯ ಮೇಲೆ ಬಂದಳು, ಮೀಟರುಗಳ ಚೀಲದೊಂದಿಗೆ.

"ಸರ್, ವೋಲ್ಟೇಜು ಒಂದ ಕಡಿಂದು, ಕರೆಂಟು ಇನ್ನೊಂದ ಕಡಿಂದು ತಂದು ಗುಣಿಸಿದ್ರ ಹೆಂಗ್ರಿ? ಹಂಚು ಕಾಯೂ ಮುಂದ, ಹಂಚಿನ ಹಂತ್ಯಾಕನ ಅಳೀಬೇಕು."

ಅಳೆದಳು. ಹಂಚಿನ ಬಳಿ ಇನ್ನೂರು ವೋಲ್ಟು, ಎಂಟು ಆಂಪಿಯರು. "ಗುಣಿಸ್ರಿ ಸರ್."

"ಸಾವಿರದಾ ಆರುನೂರು ವ್ಯಾಟು."

"ಈಗ ವೋಲ್ಟೇಜಿಗೆ ಕರೆಂಟಿನಿಂದ ಭಾಗಿಸ್ರಿ. ಇನ್ನೂರಕ್ಕ ಎಂಟು."

"ಇಪ್ಪತ್ತೈದು."

"ಓಮು. ಅದ ಹಂಚಿನ ರೋಧ. ನೀವು ಓದಿದ ಇನ್ನೂರಿಪ್ಪತ್ತೈದಕ್ಕ ಒಂಬತ್ತರಿಂದ ಭಾಗಿಸಿದ್ರೂ ಇಪ್ಪತ್ತೈದ. ಹಂಚಿನ್ಯಾಗ ದೋಷ ಇಲ್ಲ. ಅಕ್ಕಾರ ಕೈಯಾಗ ಅಂತೂ ಇಲ್ಲ."

ಶಾರದವ್ವ ನನ್ನನ್ನು ನೋಡಿದಳು. ನಾನು ಗೋಡೆಯ ಕ್ಯಾಲೆಂಡರನ್ನು ನೋಡಿದೆ, ತಿಥಿ ಏನಿರಬಹುದೆಂದು.

ಪಡಸಾಲೆಯ ಪ್ಲಗ್ಗಿನಲ್ಲಿ ಮಾತ್ರ ಇನ್ನೂರಿಪ್ಪತ್ತೈದೇ ಇತ್ತು. "ನಡುವ ಇಪ್ಪತ್ತೈದು ವೋಲ್ಟು ಮಾಯ ಆಗ್ಯಾವ್ರಿ. ಎಂಟು ಆಂಪಿಯರಿಗೆ ಗುಣಿಸಿದ್ರ ಇನ್ನೂರು ವ್ಯಾಟು. ಅಷ್ಟು ಕಾವು ದಾರ್ಯಾಗ ಯಾರೋ ನುಂಗಾಕತ್ತಾರ."

ಕಳ್ಳನನ್ನು ಹಿಡಿಯಲು ಇಬ್ಬರೂ ಹೆಂಗಸರು ವಾಯರನ್ನು ಕೈಯಿಂದ ಸವರುತ್ತ ಹೊರಟರು. ಅಡುಗೆಮನೆಯ ಹೊಸ್ತಿಲು ದಾಟಿದರು. ಗೋಡೆಯ ಬದಿ ಹಿಡಿದರು. ನನ್ನ ಕುರ್ಚಿಯ ಬಳಿ ಬಂದು ನಿಂತರು.

"ಸರ್, ಸ್ವಲ್ಪ ಏಳ್ರಿ."

ಎದ್ದೆ. ಉಳಿದ ವಾಯರು ಕಾಲಿಗೆ ತೊಡಕುತ್ತದೆಂದು ನಾನೇ ಸಿಂಬಿ ಸುತ್ತಿ ಕುರ್ಚಿಯ ಗಾದಿಯ ಕೆಳಗೆ ಇಟ್ಟಿದ್ದೆ. ಶಾರದವ್ವ ಅದನ್ನು ಮುಟ್ಟಿ ಚಟ್ಟನೆ ಕೈ ಹಿಂದೆಗೆದಳು. (ಆ ಚಳಿಯಲ್ಲಿ ಕುರ್ಚಿ ಬಲು ಹಿತವಾಗಿತ್ತು ಎಂಬುದನ್ನು ಒಪ್ಪಲೇಬೇಕು. ಹೊಸ ಹತ್ತಿಯ ಗುಣವೆಂದುಕೊಂಡಿದ್ದೆ.)

"ಅಯ್ಯ ನಮ್ಮವ್ವಾ! ಅಲ್ಲಿ ನನ್ನ ರೊಟ್ಟಿ ಹಸೀ, ಇಲ್ಲಿ ಇವರು ಬೇಯಾಕತ್ತಾರ!"

ಮುಬಶಿರಾ ನಗಲಿಲ್ಲ. "ಅಕ್ಕಾರ, ಇದು ಸಣ್ಣ ದೀಪದ ವಾಯರು. ಹಿಂಗ ಸುತ್ತಿಟ್ರ ಗಾದಿ ಹೊತ್ತತೈತಿ. ಸರ್ ಅದರ ಮ್ಯಾಲನ ಕುಂತಾರ." ಆ ಮಾತಿಗೆ ನನ್ನ ಹೆಂಡತಿಯ ಸಿಟ್ಟು ಇಳಿದು ಮುಖ ಬಿಳಿಚಿತು. ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಅಂದೇ ಕಲಘಟಗಿಯಿಂದ ದಪ್ಪ ವಾಯರು ಬಂತು, ತಕ್ಕಷ್ಟೇ ಉದ್ದದ್ದು. ಹಂಚು ಕಾಯಿತು, ರೊಟ್ಟಿ ಉಬ್ಬಿದವು, ದೇವಕ್ಕನ ಮನೆಯ ನಿಶ್ಚಯ ಚೆಂದಾಗಿ ನಡೆಯಿತು. ನಮ್ಮ ಮನೆ ಉಳಿಯಿತು, ನಾನೂ ಉಳಿದೆ. ಆಕೆಯ ಈ ಋಣಕ್ಕೆ ನಾವು ಕೊಡಲಾದದ್ದು ನಾಲ್ಕು ಬಿಸಿ ರೊಟ್ಟಿ, ಶೇಂಗಾ ಚಟ್ನಿ. ಅಂದು ಕಳೆದ ಎರಡು ಅಂಕಗಳನ್ನೂ ಮರಳಿಸಿದ್ದೇನೆ.

ಈಗ ಮುಬಶಿರಾ ಶಲವಡಿಯ ಶಾಲೆಯಲ್ಲಿದ್ದಾಳೆ. ಮೊನ್ನೆ ಆ ಊರಿಗೆ ಹೋದವನು ತರಗತಿಯ ಬಾಗಿಲಲ್ಲಿ ನಿಂತೆ. ಆಕೆ ಬೆನ್ನು ತಿರುಗಿಸಿ ಬೋರ್ಡಿನ ಮೇಲೆ ಬರೆಯುತ್ತಿದ್ದಳು: 'ವಾಯರಿನ ಸಿಂಬಿಯ ಮೇಲೆ ಒಬ್ಬ ಗುರುಗಳು ಕುಳಿತಿದ್ದಾರೆ. ಅದರಲ್ಲಿ ಇಳಿಯುವ ವೋಲ್ಟೇಜು 25, ಹರಿಯುವ ಕರೆಂಟು 8 ಆಂಪಿಯರ್. ಗುರುಗಳು ಎಷ್ಟು ವ್ಯಾಟಿನಲ್ಲಿ ಬೇಯುತ್ತಿದ್ದಾರೆ?'

"ಇನ್ನೂರು ವ್ಯಾಟ್ರೀ!" ಎಂದು ಇಡೀ ತರಗತಿ ಒಕ್ಕೊರಲಿನಿಂದ ಕೂಗಿತು. ನನ್ನ ಸೇವೆಯ ಅಷ್ಟೂ ವರ್ಷಗಳಲ್ಲಿ, ಯಾವ ತರಗತಿಯಿಂದಲೂ ಇಂಥ ಸರಿಯುತ್ತರ ನನಗೆ ಬಂದಿರಲಿಲ್ಲ.