ಆರ್ವಿಲ್ ಮಾಡಿಸಿದ ಅದಲುಬದಲು

ಭಾನುವಾರ ಬೆಳಿಗ್ಗೆ ಕಾಫಿ ಹೋಟೆಲಿನಲ್ಲಿ ಆರ್ವಿಲ್ ಬಾಯಿ ಮುಚ್ಚಿಕೊಂಡು ಡೋನಟ್ ತಿಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಹಿಂದಿನ ದಿನ ಪಕ್ಕದೂರು ಸ್ಟೋನಿ ಫೋರ್ಕಿನವರು ಬಂದು ನಮ್ಮ ಡನ್‌ಬಿಯ ಐಸ್ ಹಾಕಿ ತಂಡವನ್ನು ರೊಟ್ಟಿ ತಟ್ಟಿದ ಹಾಗೆ ತಟ್ಟಿ ಹೋಗಿದ್ದರು. ಅವರ ಬಾಯ್ಡ್ ಎಂಬ ದೈತ್ಯ ಮೈದಾನದ ಅಂಚಿನ ಹಲಗೆಗೆ ನಮ್ಮವರನ್ನು ಒಬ್ಬೊಬ್ಬರನ್ನಾಗಿ ಅಂಟಿಸಿ ಬಿಟ್ಟಿದ್ದ. ಇಷ್ಟಾದ ಮೇಲೆ ಆರ್ವಿಲ್ ಸುಮ್ಮನಿರುವುದೆಲ್ಲಿ ಬಂತು?

ಹಾಗಂತ ಅವನೇನೂ ಆಟಗಾರನಲ್ಲ. ಊರಿನ ರಿಂಕಿನಲ್ಲಿ, ಅಂದರೆ ಐಸ್ ಮೈದಾನದಲ್ಲಿ, ನೀರು ಹರಿಸಿ ಐಸು ಕಟ್ಟುವುದು, ಆಟದ ನಡುವೆ ಯಂತ್ರ ಓಡಿಸಿ ಅದನ್ನು ನುಣುಪು ಮಾಡುವುದು ಅವನ ಸಂಬಳದ ಕೆಲಸ. ಆಟದ ಬಗ್ಗೆ ಅಭಿಪ್ರಾಯ ಹೇಳುವುದು ಸಂಬಳವಿಲ್ಲದ ಕೆಲಸ. ಅದನ್ನು ಅವನು ಇನ್ನೂ ಶ್ರದ್ಧೆಯಿಂದ ಮಾಡುತ್ತಿದ್ದ.

"ನಮ್ಮ ಹುಡುಗ್ರು ಹೂವಿನಂಥೋರು. ಮೈಯಲ್ಲಿ ತಾಕತ್ತಿರೋನು ಒಬ್ಬ ಬೇಕು," ಅಂದ ಆರ್ವಿಲ್. "ಲೈಲ್‌ನ ಕೊಟ್ಟು ಆ ಬಾಯ್ಡ್‌ನ ತಗೊಳ್ಳೋಣ. ಲೈಲ್ ಓಡ್ತಾನೆ, ಇಲ್ಲ ಅನ್ನಲ್ಲ. ಆದ್ರೆ ಯಾರಾದ್ರೂ ಮೈಮೇಲೆ ಬಿದ್ರೆ ಇವನೇ ಸಾರಿ ಕೇಳ್ತಾನೆ."

ಹೋಟೆಲಿನಲ್ಲಿ ಎಲ್ಲರೂ ನಕ್ಕರು. ಆರ್ವಿಲ್ ಖುಷಿಯಿಂದ ಮನೆಗೆ ಬಂದರೆ, ಹೆಂಡತಿ ಮಾರ್ಲಿಸ್ ದಪ್ಪ ಕೋಟು ಹಾಕಿಕೊಂಡು ಮೊಟ್ಟೆ ಕರಿಯುತ್ತಿದ್ದಳು.

"ಮನೆ ಹೀಟರ್ ನಿಂತೋಗಿದೆ. ಲೈಲ್‌ಗೆ ಫೋನ್ ಮಾಡು," ಅಂದಳು.

ನಮ್ಮ ಆಟಗಾರರೆಲ್ಲ ಹೊಟ್ಟೆಪಾಡಿಗೆ ಬೇರೆ ಕಸುಬು ಇಟ್ಟುಕೊಂಡವರೇ. ಲೈಲ್ ಹೀಟರ್ ರಿಪೇರಿಯವನು, ಅದೂ ಇಡೀ ಡನ್‌ಬಿಗೆ ಅವನೊಬ್ಬನೇ. ಹೊರಗೆ ಉಗುಳಿದರೆ ನೆಲ ಮುಟ್ಟುವಷ್ಟರಲ್ಲಿ ಕಲ್ಲಾಗುವ ಚಳಿ. ರಾತ್ರಿಯೊಳಗೆ ಹೀಟರ್ ಓಡದಿದ್ದರೆ ಪೈಪಿನ ನೀರು ಗಟ್ಟಿಯಾಗಿ ಪೈಪುಗಳೇ ಒಡೆಯುತ್ತವೆ. ಆರ್ವಿಲ್ ಫೋನ್ ಹಚ್ಚಿದ.

"ಬಿಡುವಿಲ್ಲ ಆರ್ವಿಲ್," ಅಂದ ಲೈಲ್. "ಗಂಟುಮೂಟೆ ಕಟ್ತಾ ಇದೀನಿ. ಸ್ಟೋನಿ ಫೋರ್ಕಿಗೆ ಹೋಗ್ಬೇಕಂತಲ್ಲ."

"ತಮಾಷೆಗೆ ಅಂದೆ ಮಾರಾಯಾ."

"ನಾನೂ ತಮಾಷೆಗೇ ಬರಲ್ಲ ಅಂತಿದೀನಿ. ಸಾರಿ."

ಆಡಿದ ಮಾತನ್ನು ಆಡಿದಲ್ಲೇ ತಿದ್ದಬೇಕೆಂದು ಆರ್ವಿಲ್ ಮತ್ತೆ ಹೋಟೆಲಿಗೆ ಓಡಿದ. "ಲೈಲ್ ನಮ್ಮ ತಂಡದ ಪ್ರಾಣ, ಅವನನ್ನ ಮುಟ್ಟೋ ಹಾಗೇ ಇಲ್ಲ," ಎಂದು ಎಲ್ಲರಿಗೂ ಕೇಳುವಂತೆ ಸಾರಿದ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಾಲಿಗೆ ನಿಲ್ಲಲಿಲ್ಲ. "ಬೇಕಾದ್ರೆ ಡಾರ್ಸಿನ ಕೊಡೋಣ. ನಿನ್ನೆ ಹೊಡೆದಾಟ ಶುರುವಾದಾಗ ಬೆಂಚಲ್ಲಿ ಕೂತು ಲೇಸ್ ಕಟ್ಕೊಳ್ತಿದ್ದ."

ಡಾರ್ಸಿ ರಸ್ತೆಯ ಹಿಮ ತಳ್ಳುವ ಲಾರಿ ಓಡಿಸುವವನು. ಆರ್ವಿಲ್ ವಾಪಸು ಬರುವಷ್ಟರಲ್ಲಿ ಮನೆಯ ಮುಂದೆ ಎದೆಯೆತ್ತರದ ಹಿಮದ ಗೋಡೆ ಎದ್ದಿತ್ತು. ಸಲಿಕೆ ಹಿಡಿದು ಬಗೆದ. ಅರ್ಧಕ್ಕೆ ಬರುವಾಗ ಸೊಂಟ ಹಿಡಿದುಕೊಂಡಿತು. ಡಾರ್ಸಿ ಲಾರಿ ನಿಲ್ಲಿಸಿ ಕಿಟಕಿಯಿಂದ ತಲೆ ಹಾಕಿದ.

"ಪಕ್ಕದ ಬೀದೀಲಿ ಇನ್ನೂ ಸ್ವಲ್ಪ ಉಳಿದಿದೆ ಅಣ್ಣಾ, ತರ್ಲಾ?"

ಸೊಂಟ ಹಿಡಿದುಕೊಂಡು ಒಳಗೆ ಬಂದ ಆರ್ವಿಲ್ ಸೋಫಾದಲ್ಲಿ ಬಿದ್ದು, "ಅಲ್ಲ, ಕೊಡೋದೇ ಆದ್ರೆ ಗೋಲು ಕಾಯೋ ಎಮೆಟ್‌ನ ಯಾಕೆ ಕೊಡ್ಬಾರ್ದು? ನಿನ್ನೆ ಒಂದು ಗೋಲಾದ್ರೂ ತಡೆದ್ನಾ?" ಎಂದು ಗೊಣಗಿದ. ಎಮೆಟ್ ಮಾರ್ಲಿಸ್‌ಳ ಸ್ವಂತ ತಮ್ಮ. ಅವಳು ಮನೆಯಲ್ಲಿದ್ದ ಒಂದೇ ಒಂದು ಕಂಬಳಿಯನ್ನು ಗಂಡನ ಮೈಮೇಲಿಂದ ಎಳೆದುಕೊಂಡು ಕೋಣೆ ಸೇರಿ ಬಾಗಿಲು ಹಾಕಿಕೊಂಡಳು.

ಚಳಿಗೆ ಹಲ್ಲು ಕಟಕಟ ಅನ್ನುವಾಗ ಆರ್ವಿಲ್‌ಗೆ ಬುದ್ಧಿ ಓಡಿತು. ನಮ್ಮವರು ಯಾರನ್ನೂ ಕೊಡದೆ ಬಾಯ್ಡ್‌ನನ್ನು ತರಿಸಿಬಿಟ್ಟರೆ? ಊರಿಗೆ ಊರೇ ಹೊಗಳುತ್ತದೆ, ಲೈಲ್ ತಾನಾಗಿ ಬಂದು ಹೀಟರ್ ಸರಿಮಾಡುತ್ತಾನೆ. ಕ್ಲಬ್ಬಿನ ಅಧ್ಯಕ್ಷೆ ಹಿಲ್ಡಾ ಮನೆಗೆ ಕುಂಟುತ್ತಾ ಹೋದ.

"ಆಟಗಾರರನ್ನ ಬಿಟ್ಟು ಇನ್ನೇನು ಕೇಳಿದ್ರೂ ಕೊಟ್ಬಿಡಿ. ದಮ್ಮಯ್ಯ, ಇವತ್ತೇ ಮಾತಾಡಿ," ಅಂದ.

ಹಿಲ್ಡಾ ಫೋನ್ ಮಾಡಿದಳು. ಮಧ್ಯಾಹ್ನವೇ ರಿಂಕಿನ ಪಡಸಾಲೆಯಲ್ಲಿ ಸಭೆ ಸೇರಿತು. ಅಲ್ಲಿ ಬೆಚ್ಚಗಿರುತ್ತದೆಂದು ಮಾರ್ಲಿಸ್ ಕೂಡ ಬಂದಿದ್ದಳು.

"ಸೀಸನ್ ಮುಗಿಯೋ ತನಕ ಬಾಯ್ಡ್‌ನ ಕೊಡ್ತಾರಂತೆ," ಅಂದಳು ಹಿಲ್ಡಾ. "ನಮ್ಮ ಆಟಗಾರರು ಒಬ್ರೂ ಬೇಡ್ವಂತೆ. ಒಪ್ಪಿಗೆ ಇರೋರು ಕೈ ಎತ್ತಿ."

ಆರ್ವಿಲ್ ಸೊಂಟನೋವನ್ನೂ ಮರೆತು ಎರಡೂ ಕೈ ಎತ್ತಿದ.

"ಬದಲಿಗೆ ಐಸು ಕಟ್ಟೋನು ಬೇಕಂತೆ. ಅಲ್ಲಿನ ಐಸು ಬರೀ ಗುಂಡಿಯಂತೆ. ನಾಳೆ ಆಟ ಇರೋದ್ರಿಂದ ಆರ್ವಿಲ್ ಇವತ್ತೇ ಹೊರಡ್ಬೇಕು."

ಆರ್ವಿಲ್‌ನ ಕೈಗಳು ಇಳಿದವು. ಉಳಿದವರ ಕೈಗಳು ಹಾಗೇ ಇದ್ದವು. ಲೈಲ್ ಎರಡನೆಯದನ್ನೂ ಎತ್ತಿದ.

"ನೀನಾದ್ರೂ ಹೇಳೇ," ಎಂದು ಆರ್ವಿಲ್ ಹೆಂಡತಿಯ ಕಡೆ ತಿರುಗಿದ.

"ಪಾಪ, ಆ ಹುಡುಗ ಉಳ್ಕೊಳ್ಳೋಕೆ ಜಾಗ ಬೇಕಲ್ಲ, ನಮ್ಮನೆ ಹಿಂದಿನ ರೂಮಲ್ಲಿ ಇರ್ಲಿ," ಅಂದಳು ಮಾರ್ಲಿಸ್.

ಕತ್ತಲಾಗುವ ಮೊದಲೇ ಆರ್ವಿಲ್‌ನನ್ನು ಕರೆದೊಯ್ಯಲು ಸ್ಟೋನಿ ಫೋರ್ಕಿನ ಪಿಕಪ್ ಗಾಡಿ ಮನೆ ಮುಂದೆ ಬಂತು. ಅದರಿಂದಿಳಿದ ಬಾಯ್ಡ್ ಬಾಗಿಲಿಗೆ ತಲೆ ತಗುಲದಂತೆ ಬಗ್ಗಿ, ಬೂಟು ಕಳಚಿ ಪಕ್ಕಕ್ಕೆ ಜೋಡಿಸಿಟ್ಟು ಒಳಗೆ ಬಂದ.

"ಮನೆ ಯಾಕೆ ಇಷ್ಟು ತಣ್ಣಗಿದೆ ಅಕ್ಕಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ನೆಲಮಾಳಿಗೆಗೆ ಇಳಿದ. ಸ್ವಲ್ಪ ಹೊತ್ತಿಗೆ ಕೆಳಗೆ ಏನೋ ಗುರ್ರೆಂದಿತು. ನೆಲದ ಜಾಲರಿಯಿಂದ ಬಿಸಿ ಗಾಳಿ ಮೇಲೆದ್ದಿತು. ಬೆಳಗಿನಿಂದ ತೊಟ್ಟ ಕೋಟನ್ನು ಮಾರ್ಲಿಸ್ ಬಿಚ್ಚಿದಳು. ಅವಳ ಮುಖದಲ್ಲಿ ನಗು ಕಂಡು ಆರ್ವಿಲ್‌ಗೂ ಸಮಾಧಾನವಾಯಿತು. ಜಾಲರಿಯ ಮೇಲೆ ನಿಂತು ಪಾದ ಕಾಯಿಸಿಕೊಂಡ.

"ಭೇಷ್ ಕಣಪ್ಪ. ಎಲ್ಲಿ ಕಲಿತೆ?"

"ಅದೇ ನನ್ನ ಕಸುಬು ಅಂಕಲ್."

"ಒಳ್ಳೇದು, ಒಳ್ಳೇದು. ನಿಮ್ಮೂರಲ್ಲಿ ನಂಗೆ ಎಲ್ಲಿ ಜಾಗ ಮಾಡಿದಾರೆ?"

"ರಿಂಕಿನ ಮೇಲ್ಗಡೆ ಒಂದು ರೂಮಿದೆ. ಗಾಳಿ ಬೆಳಕು ಚೆನ್ನಾಗಿದೆ. ಹೀಟರ್ ಮಾತ್ರ ಮೊನ್ನೆ ಕೆಟ್ಟೋಯ್ತು. ನಾಳೆ ರಿಪೇರಿ ಆಗೋದಿತ್ತು."

"ಆಗೋದಿತ್ತು ಅಂದ್ರೆ? ಯಾರು ಮಾಡೋದಿತ್ತು?"

ಬಾಯ್ಡ್ ಮಸಿ ಹತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾ ತಲೆ ತಗ್ಗಿಸಿದ.

"ನಾನೇ ಅಂಕಲ್. ಆ ಊರಿಗೆ ಇದ್ದಿದ್ದು ನಾನೊಬ್ನೇ."

ಹೊರಗೆ ಪಿಕಪ್ಪಿನವನು ಹಾರ್ನ್ ಹೊಡೆದ.