ಒಂದು ಖೋಲಿಯ ಕಸರತ್ತು

ಮಂಚ, ಬಾಗಿಲು ಮಾಡಿಕೊಂಡು ಸುಮ್ಮನಿದ್ದಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಜಹೀರಾಬಾದಿನ ಬಸ್‌ಸ್ಟ್ಯಾಂಡಿನ ಹಿಂದೆ ನನ್ನ ಬಡಗಿ ಅಂಗಡಿ. ಸಣ್ಣ ಖೋಲಿಯವರಿಗೆ ಅಗ್ಗದ ಕಸರತ್ತಿನ ಸಾಮಾನು ಮಾಡಿಕೊಡುತ್ತೇನೆ ಎಂದು ಯಾವಾಗ ಹೊರಟೆನೋ, ಅಂದಿನಿಂದ ಏನಾದರೊಂದು ಆಗುತ್ತಲೇ ಬಂತು. ಪೆಟ್ಟು ಕೆಲವು ಸಲ ಗಿರಾಕಿಗೆ, ಹೆಚ್ಚಿನ ಸಲ ನನಗೆ.

ಕಲ್ಲಿನ ಜೋಡಿ

ಶುರು ಮಾಡಿಸಿದವರು ತಹಶೀಲ್ ಕಚೇರಿಯ ಒಬ್ಬ ಗುಮಾಸ್ತರು. ಒಂದೇ ಖೋಲಿಯ ಬಾಡಿಗೆ ಮನೆ ಅವರದು.

"ಡಾಕ್ಟರು ಕಸರತ್ತು ಮಾಡು ಅಂದಾರ ಮಿಸ್ತ್ರಿ. ತಾಲೀಮಿಗಿ ಹೋದ್ರ ಪೈಲ್ವಾನರ ನಡುವ ಲಂಗೋಟಿ ಹಾಕ್ಕೊಂಡು ನಿಂದ್ರಬೇಕು. ಮನ್ಯಾಗ ಕೈ ಚಾಚಿದ್ರ ಒಂದು ಕೈ ಒಲಿಗಿ ಹತ್ತತದ, ಇನ್ನೊಂದು ದೇವರ ಫೋಟೋಕ್ಕ."

ಡಂಬೆಲ್ಸ್ ಕೊಳ್ಳಬೇಕೆಂದರೆ ಹೈದರಾಬಾದಿಗೆ ಹೋಗಬೇಕು. ನಾನು ತಾಂಡೂರು ಬಂಡೆಯ ಬಿಸಾಕಿದ ತುಂಡುಗಳನ್ನು ದುಂಡಗೆ ಕಡಿದು, ತೂತು ಕೊರೆದು, ಜಾಲಿ ಹಿಡಿಕೆಯ ಎರಡೂ ತುದಿಗೆ ಕೂಡಿಸಿ ಒಂದು ಜೋಡಿ ಮಾಡಿಕೊಟ್ಟೆ. ಮಾಡಿದ್ದನ್ನು ನಾನೇ ಸುತ್ತ ತಿರುಗಿ ನೋಡಿದೆ. ಅಷ್ಟು ಚಂದ ಬಂದಿತ್ತು.

ಕೆಲವು ದಿನ ಬಿಟ್ಟು ಗುಮಾಸ್ತರ ಹೆಂಡತಿಯೇ ಅಂಗಡಿಗೆ ಬಂದರು. ಇನ್ನೊಂದು ಬೇಕು ಎಂದರು. ನನ್ನ ಎದೆ ಉಬ್ಬಿತು.

"ಸಾಹೇಬರು ದಿನಾ ಎತ್ತತಾರೇನ್ರೀ ಅಕ್ಕಾರ?"

"ಅವರೆಲ್ಲಿ ಎತ್ತತಾರ್ರಿ! ನಾ ಎತ್ತತೀನಿ. ಶೇಂಗಾ ಹಿಂಡಿ ಕುಟ್ಟಾಕ ಭಾಳ ಛಲೋ ಆಗ್ಯಾದ. ನಮ್ಮ ನಾದಿನಿಗೂ ಮಾಡಿಕೊಡ್ರಿ. ಜೋಡಿ ಬ್ಯಾಡ, ಒಂದೇ ಸಾಕು."

ಚೌಕಟ್ಟಿನ ಮಾಸ್ತರರು

ನಾರಾಯಣಖೇಡದ ಒಬ್ಬ ಮಾಸ್ತರರಿಗೆ ಜೋತುಬೀಳುವ ಕಸರತ್ತಿನ ಹುಚ್ಚು. ಖೋಲಿಯಲ್ಲಿ ಹಾಸಿಗೆ ಬಿಚ್ಚಿದರೆ ಕಾಲಿಡಲು ಜಾಗವಿಲ್ಲ. ಬಾಗಿಲ ಚೌಕಟ್ಟಿಗೇ ಅಡ್ಡ ಪೈಪು ಕೂಡಿಸಿದರೆ ಜಾಗವೂ ಬೇಡ, ಖರ್ಚೂ ಇಲ್ಲ ಎಂದು ಉಪಾಯ ಹೇಳಿದವನು ನಾನೇ.

ಪೈಪು ಬಿಗಿದು, "ಆನಿ ಜೋತುಬಿದ್ರೂ ಈ ಪೈಪು ಬಗ್ಗಂಗಿಲ್ಲ, ಬರ್ರಿ" ಎಂದೆ.

ಮಾಸ್ತರರು ಜೋತುಬಿದ್ದು ಕಾಲು ಮೇಲೆತ್ತಿದರು. ಪೈಪು ಬಗ್ಗಲಿಲ್ಲ. ಆದರೆ ಗೋಡೆ ಮಣ್ಣಿನದು. ಅದು ಒಮ್ಮೆ ನಿಟ್ಟುಸಿರು ಬಿಟ್ಟಂತೆ ಸಪ್ಪಳ ಮಾಡಿ ಚೌಕಟ್ಟನ್ನೇ ಬಿಟ್ಟುಕೊಟ್ಟಿತು. ಧೂಳು ಇಳಿದ ಮೇಲೆ ನೋಡಿದರೆ ಮಾಸ್ತರರು ನೆಲದ ಮೇಲೆ ಕೂತಿದ್ದಾರೆ, ಸುತ್ತಲೂ ಚೌಕಟ್ಟು, ಮೈತುಂಬ ಮಣ್ಣು. ಒಂದು ಗೀರೂ ಆಗಿರಲಿಲ್ಲ.

ಸಪ್ಪಳ ಕೇಳಿ ಮನೆಯೊಡತಿ ಅಜ್ಜಿ ಓಡಿ ಬಂದಳು. ಇವತ್ತು ಮಾಸ್ತರರ ಗಂಟುಮೂಟೆ ಬೀದಿಗೆ ಬಿತ್ತು ಎಂದುಕೊಂಡು, "ಯವ್ವಾ, ಸಂಜಿಯೊಳಗ ಗ್ವಾಡಿ ಕಟ್ಟಿಕೊಡ್ತೀನಿ" ಎಂದು ಕೈಮುಗಿದೆ. ಅಜ್ಜಿ ನನ್ನತ್ತ ನೋಡಲೇ ಇಲ್ಲ. ಮಾಸ್ತರರನ್ನೇ ದಿಟ್ಟಿಸಿದಳು.

"ಫ್ರೇಮ್ ಅಂತೂ ಹಾಕಿದಿ ಮಿಸ್ತ್ರಿ. ಹೂವಿನ ಹಾರನೂ ನೀನೇ ತರ್ತೀಯೋ, ನಾ ತರ್ಲೋ?"

ನಿಂತಲ್ಲೇ ನಿಲ್ಲುವ ಸೈಕಲ್ಲು

ತಾಂಡೂರಿನ ಬಂಡೆ ವ್ಯಾಪಾರದ ಸೇಠರೊಬ್ಬರು ಗಾದಿ ಬಿಟ್ಟು ಏಳುವವರಲ್ಲ. ಅವರ ಅಂಗಡಿಯ ಮುಂದಿನ ಖೋಲಿಗೆಂದು ಹಳೆಯ ಸೈಕಲ್ಲಿನ ಹಿಂದಿನ ಗಾಲಿಯನ್ನು ನೆಲಕ್ಕೆ ತಾಗದಂತೆ ನಾಲ್ಕು ಕಾಲಿನ ಕಟ್ಟಿಗೆಯ ಸ್ಟ್ಯಾಂಡಿನ ಮೇಲೆ, ನಮ್ಮ ಬಡಗಿಗಳ ಮಾತಿನಲ್ಲಿ ಕುದುರೆಯ ಮೇಲೆ, ಎತ್ತಿ ನಿಲ್ಲಿಸಿದೆ. ಎಲ್ಲಿಗೂ ಹೋಗದ ಸೈಕಲ್ಲಿಗೆ ಬ್ರೇಕ್ ಯಾಕೆಂದು ಅದನ್ನು ಬಿಚ್ಚಿ ಮಾರಿಕೊಂಡಿದ್ದೆ.

"ಜೋರಾಗಿ ತುಳಿದ್ರ?" ಎಂದು ಸೇಠರು ಅನುಮಾನಪಟ್ಟರು.

"ಅಲ್ಲೇ ಇರತದ್ರೀ. ನೋಡ್ರಿ" ಎಂದು ನಾನೇ ಹತ್ತಿ ಜೋರಾಗಿ ತುಳಿದೆ.

ಬಂಡೆ ವ್ಯಾಪಾರಿಯ ನೆಲ, ಕನ್ನಡಿಯಂತೆ ಪಾಲಿಶು. ನಾನು ತುಳಿದಂತೆಲ್ಲ ಕುದುರೆ ತುಸುತುಸುವೇ ಜಾರುತ್ತ ಹೊಸ್ತಿಲಿಗೆ ಬಂದದ್ದು ನನಗೆ ಗೊತ್ತಾಗಲಿಲ್ಲ. ಅಲ್ಲಿ ಅದು ಮಗುಚಿತು, ಗಾಲಿ ನೆಲಕ್ಕೆ ಹತ್ತಿತು, ನಾನು ಬೀದಿಯಲ್ಲಿದ್ದೆ. ಮುಂದೆ ಇಳಿಜಾರು. "ಸರೀರಿ, ಸರೀರಿ!" ಎಂದು ಒದರುತ್ತ ಹೋದವನು ಕಾರ್ಖಾನೆಯ ಬಂಡೆ ತೊಳೆದ ನೀರಿನ ಗುಂಡಿಯಲ್ಲಿ ಬಿದ್ದೆ. ಎದ್ದಾಗ ಕುತ್ತಿಗೆಯವರೆಗೆ ಬೂದುಬಣ್ಣದ ರಾಡಿ.

ಸೇಠರು ಧೋತಿ ಎತ್ತಿಕೊಂಡು ಏದುಸಿರು ಬಿಡುತ್ತ ಓಡಿ ಬಂದರು. ಬೈಗುಳಕ್ಕೆ ತಯಾರಾಗಿ ತಲೆ ಬಗ್ಗಿಸಿದೆ.

"ಸೈಕಲ್ ಖರೇನೇ ಕೆಲಸ ಮಾಡತದ ಮಿಸ್ತ್ರಿ" ಎಂದರು ಹಣೆ ಒರೆಸಿಕೊಳ್ಳುತ್ತ. "ನನ್ನ ಮೈಯಾಗ ಇಷ್ಟು ಬೆವರು ಯಾವತ್ತೂ ಬಂದಿದ್ದಿಲ್ಲ!"

ಬೀಗರ ಟ್ಯೂಬು

ಕಡೆಯದು ನನ್ನ ಮನೆಯದೇ. ಮಗಳನ್ನು ನೋಡಲು ರಾಯಿಕೋಡಿನಿಂದ ಗಂಡಿನ ಕಡೆಯವರು ಸಂಜೆ ಬರುವವರಿದ್ದರು. ಛಲೋ ಮನೆತನ, ಕೈತಪ್ಪಬಾರದೆಂಬುದು ಹೆಂಡತಿಯ ಚಿಂತೆ. "ಏನ್ರೀ, ಅವರ ಮುಂದ ಆ ಹೊಟ್ಟಿ ಸ್ವಲ್ಪ ಒಳಗಿರಲಿ" ಎಂದಳು. ಸಂಜೆಯೊಳಗೆ ಹೊಟ್ಟೆ ಕರಗಿಸುತ್ತೇನೆಂದು ನಾನು ಟ್ರ್ಯಾಕ್ಟರ್ ಟ್ಯೂಬು ಸೀಳಿ ಒಂದು ದೊಡ್ಡ ಬಳೆಯಂಥ ಪಟ್ಟಿ ಮಾಡಿದೆ. ಚಾಪೆಯ ಮೇಲೆ ಕೂತು, ಅಂಗಾಲಿಗೆ ಸಿಕ್ಕಿಸಿ, ಬೆನ್ನ ಹಿಂದೆ ಹಾಕಿ ಎಳೆಯುವುದು. ಒಮ್ಮೆ ಎಳೆದೆ. ಪಟ್ಟಿ ಜಾರಿ ಕುತ್ತಿಗೆಗೆ ಬಂತು, ಮೊಣಕಾಲು ಗದ್ದಕ್ಕೆ ಬಂತು. ಕೈಗಳು ಒಳಗೆ ಸಿಕ್ಕಿಬಿದ್ದವು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಮಧ್ಯಾಹ್ನದ ಬಸ್ಸಿಗೇ ಬಂದುಬಿಟ್ಟಿದ್ದರು.

"ಏನಾತ್ರೀ ಇವರಿಗಿ?" ಗಂಡಿನ ತಂದೆ ಗಾಬರಿಯಾದರು. ನನಗಿಂತ ದೊಡ್ಡ ಹೊಟ್ಟೆಯವರು.

"ಏನಿಲ್ರೀ, ಕಸರತ್ತು" ಎಂದೆ, ಗಂಟಿನೊಳಗಿಂದ.

ಪಾಪ, ಒಳ್ಳೆಯ ಮನುಷ್ಯ. ಪಕ್ಕದಲ್ಲಿ ಕೂತು ಪಟ್ಟಿಯೊಳಗೆ ಎರಡೂ ಕೈ, ತಲೆ ತೂರಿಸಿ ಅಗಲಿಸಲು ನೋಡಿದರು. ನನ್ನ ಕಾಲು ಫಕ್ಕನೆ ಬಿಡಿಸಿಕೊಂಡಿತು. ಪಟ್ಟಿ ಚಟಾರೆಂದು ಇಬ್ಬರ ಸೊಂಟಕ್ಕೂ ಸೇರಿ ಕೂತಿತು. ಹೊಟ್ಟೆಗೆ ಹೊಟ್ಟೆ ಹತ್ತಿ, ಮೂಗಿಗೆ ಮೂಗು ತಾಗಿ ಉಳಿದೆವು. ನಾನು ಉಸಿರು ಎಳೆದುಕೊಂಡರೆ ಅವರು ಬಿಡಬೇಕು.

ಸಂಬಂಧ ಮುರಿಯಿತು ಎಂದು ಕಣ್ಣು ಮುಚ್ಚಿದೆ. ಆಗ ಕಿಸಕ್ಕೆಂದು ನಗು ಕೇಳಿತು. ಚಹಾದ ತಟ್ಟೆ ಹಿಡಿದು ನಿಂತ ನನ್ನ ಮಗಳು. ಅದಕ್ಕೆ ಸರಿಯಾಗಿ ಇನ್ನೊಂದು ನಗು, ಹುಡುಗನದು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಮತ್ತೂ ನಕ್ಕರು. ಹುಡುಗನ ತಾಯಿ ಅದನ್ನು ನೋಡಿ, "ಹುಡುಗರು ಒಪ್ಪಿದಂಗ ಕಾಣತದ" ಎಂದರು.

"ಮೊದಲ ಕತ್ತರಿ ತರ್ರಿ!" ಎಂದು ಬೀಗರು ಕೂಗಿದರು.

ನನ್ನ ಹೆಂಡತಿ ಕತ್ತರಿ ತಂದಳು. ತಂದವಳು ಅದನ್ನು ಸೆರಗಿನಲ್ಲಿ ಹಿಡಿದು ದೂರವೇ ನಿಂತಳು.

"ಎಲಿ-ಅಡಿಕಿ ಬದಲಾಗಲಿ ಅಣ್ಣಾರ, ಆಮ್ಯಾಲ ಕತ್ತರಿಸ್ತೀನ್ರಿ."