ಬ್ರಾಕೆಟ್ಟು ಹಾಕದ ನನ್ನ ಷಡ್ಡಕ

ನನ್ನ ಷಡ್ಡಕನಿಗೆ, ಅಂದರೆ ಹೆಂಡತಿಯ ತಂಗಿಯ ಗಂಡನಿಗೆ, ತಲೆಯೇ ಇಲ್ಲ. ಆ ಜಾಗದಲ್ಲಿರುವುದು ಬರೀ ಡಿಕ್ಷನರಿ!

ಅವನ ಹೆಂಡತಿ ‘ಕಸ’ ಅಂದರೆ ಎದ್ದು ಡಬ್ಬಿ ಹೊರಗಿಡುತ್ತಾನೆ. ‘ರೀ, ಸ್ವಲ್ಪ ಆ ಕಸ ಆಚೆ ಇಟ್ಬುಡಿ’ ಅಂದರೆ ಪಿಳಿಪಿಳಿ ನೋಡುತ್ತಾನೆ: ‘ಅಷ್ಟುದ್ದದ ಕಮಾಂಡು ನನ್ನತ್ರ ಇಲ್ಲ ಕಣೇ!’ ಇಂಥವನ ಮೇಲೆ ನನಗೆ ಹೊಟ್ಟೆಕಿಚ್ಚು. ಸರಸ್ವತಿಪುರಂ ಟ್ಯುಟೋರಿಯಲ್ಲಿನಲ್ಲಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಪಾಠ ಹೇಳುವವನು ನಾನು, ಹೊಗಳಿಸಿಕೊಳ್ಳುವವನು ಅವನು!

ರಾಮಕೃಷ್ಣನಗರದ ನಮ್ಮತ್ತೆಗೆ ಮಂಡಿನೋವು. ಕೂತಲ್ಲೇ ಲ್ಯಾಪ್‌ಟಾಪಿನಲ್ಲಿ ಒಂದು ಪದ ಒತ್ತಿದರೆ ನೀರಿನ ಮೋಟಾರು, ದೀಪ, ದೇವರ ಹಾಡು ಶುರುವಾಗುವಂತೆ ಮೊದಲು ಮಾಡಿಕೊಟ್ಟವನು ನಾನೇ. ಒತ್ತಿದ್ದು ‘ಮೋಟಾರೇ’? ಅಲ್ಲದಿದ್ದರೆ ‘ದೀಪ’ವೇ? ಅದೂ ಅಲ್ಲದಿದ್ದರೆ ‘ಹಾಡೇ’? ಹೀಗೆ ಇಫ್, ಎಲಿಫ್ ಎಂಬ ಪ್ರಶ್ನೆಗಳ ಸಾಲು ಬೆಟ್ಟದ ಮೆಟ್ಟಿಲಿನಷ್ಟು ಉದ್ದ. ಅತ್ತೆ ಹೊಸದು ಕೇಳಿದಾಗಲೆಲ್ಲ ನಡುವೆ ಎಲ್ಲೋ ತುರುಕಿ, ಇದ್ದದ್ದನ್ನೂ ಕೆಡಿಸುತ್ತಿದ್ದೆ.

ಇವನು ಬಂದವನೇ ಎಲ್ಲ ಕಿತ್ತುಹಾಕಿ ಒಂದು ಡಿಕ್ಷನರಿ ಬರೆದ. ಎಡಗಡೆ ಅತ್ತೆ ಒತ್ತುವ ಪದ, ಬಲಗಡೆ ಆ ಕೆಲಸ ಮಾಡುವ ಪುಟ್ಟ ಕೋಡಿನ, ಅಂದರೆ ಫಂಕ್ಷನ್ನಿನ, ಹೆಸರು. ಹೊಸದು ಬೇಕೇ? ಒಂದು ಸಾಲು ಸೇರಿಸು, ಮುಗೀತು!

‘ಚಿಕ್ಕಳಿಯಂದ್ರದು ಏನ್ ಚುರುಕು ಬುದ್ಧಿ ಕಣಮ್ಮ!’ ಎಂದರು ಅತ್ತೆ, ನನ್ನ ಹೆಂಡತಿಗೆ, ನನ್ನೆದುರಿಗೇ! ಮೈಯೆಲ್ಲ ಉರಿದುಹೋಯಿತು.

ಒಂದೇ ಸಮಾಧಾನ. ಕಷ್ಟ ಬಂದರೆ ಅತ್ತೆಯ ಮೆಸೇಜು ಬರುತ್ತಿದ್ದುದು ನನಗೆ. ‘ಸಿಲಿಂಡರು’, ‘ಕಾಲುನೋವು’, ಒಮ್ಮೆ ಬರೀ ‘ಬೇಜಾರು’. ಅವನನ್ನು ಬಿಟ್ಟು ನನ್ನನ್ನೇ ಕರೆದರಲ್ಲ ಎಂದು ಬೀಗುತ್ತ ಸ್ಕೂಟರಿನಲ್ಲಿ ಓಡುತ್ತಿದ್ದೆ.

ಕಳೆದ ಭಾನುವಾರ ಅತ್ತೆಯ ಮನೆಯಲ್ಲೇ ಕೂತು ಅವನದಕ್ಕಿಂತ ದೊಡ್ಡ ಡಿಕ್ಷನರಿ ಬರೆದೆ. ಫಂಕ್ಷನ್ನಿನ ಹೆಸರಷ್ಟೇ ಬರೆದರೆ ಕೆಲಸ ಕಾದು ಕೂತಿರುತ್ತದೆ. ಪಕ್ಕದಲ್ಲಿ ಬ್ರಾಕೆಟ್ಟು ಹಾಕಿದರೆ ‘ಈಗಲೇ ಮಾಡು’ ಎಂದರ್ಥ. ಮಕ್ಕಳಿಗೆ ದಿನಾ ಹೇಳುವ ನಾನೇ ಪ್ರತಿ ಹೆಸರಿಗೂ ಬ್ರಾಕೆಟ್ಟು ಹಾಕಿಬಿಟ್ಟಿದ್ದೆ! ಪ್ರೋಗ್ರಾಮು ಚಾಲೂ ಮಾಡಿದ್ದೇ ತಡ, ಅತ್ತೆ ಏನೂ ಒತ್ತುವ ಮೊದಲೇ ಮೋಟಾರು ಗುಂಯ್ ಎಂದಿತು, ಹಾಡು ಶುರುವಾಯಿತು, ಹಾಡುಹಗಲೇ ದೀಪಗಳೆಲ್ಲ ಉರಿದವು. ತೊಟ್ಟಿ ತುಂಬಿ ಅಂಗಳವೆಲ್ಲ ನೀರು.

‘ಅಳಿಯಂದ್ರೇ, ನಿಲ್ಸಿಬುಡಿ!’

ನಿಲ್ಲಿಸಿ, ತೆಪ್ಪಗೆ ಅವನ ಪ್ರೋಗ್ರಾಮನ್ನೇ ಮತ್ತೆ ತೆರೆದೆ. ಕೊನೆಯಲ್ಲೊಂದು ಸಾಲಿತ್ತು: ಅತ್ತೆ ಒತ್ತಿದ ಪದ ಡಿಕ್ಷನರಿಯಲ್ಲಿ ಇಲ್ಲದಿದ್ದರೆ, ಅದನ್ನೇ ಮೆಸೇಜು ಮಾಡಿ ಕಳಿಸು. ಯಾರಿಗೆ? ಅಲ್ಲಿದ್ದದ್ದು ನನ್ನ ನಂಬರು! ಅಂದರೆ ಇಷ್ಟು ದಿನ ಆ ‘ಬೇಜಾರು’ಗಳನ್ನೆಲ್ಲ ನನ್ನತ್ತ ಕಳಿಸುತ್ತಿದ್ದವನು ಇವನೇ.

ಫೋನು ಮಾಡಿ ರೇಗಿದೆ. ‘ನಿನ್ನ ನಂಬರು ಹಾಕ್ಕೊಳೋಕೆ ಏನೋ ಧಾಡಿ?’

‘ನಂಗೇನಾದ್ರೂ ಗೊತ್ತಾಗ್ದಿದ್ರೆ ನಿಮ್ಮನ್ನೇ ಅಲ್ವಾ ಅಣ್ಣಾ ಕೇಳೋದು? ಅತ್ತೇಗೂ ಅಂಗೇ ಇರ್ಲಿ ಅಂತ ಹಾಕ್ದೆ.’

ಹಾಳಾದವನು, ಇದರಲ್ಲೂ ನನ್ನನ್ನು ಸೋಲಿಸಿದ! ಕಣ್ಣೊರೆಸಿಕೊಂಡು ಅಂಗಳದ ನೀರು ಬಳಿಯತೊಡಗಿದೆ.